ದಾಕಿನ ಗುರುಮಲ್ಲಪ್ಪನವರ ಓದು

ಗುರುಮಲ್ಲಪ್ಪನವರು ಯಾರನ್ನೇ ಕಂಡರೂ ಮೊದಲು ತೋಳು ನೋಡುತ್ತಿದ್ದರು, ಮುಖ ಆಮೇಲೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು, ಸಂತೆಯಲ್ಲಿ ಸೌತೆಕಾಯಿ ಮಾರುವವರು, ಮದುವೆ ಮನೆಯಲ್ಲಿ ಬಡಿಸಲು ಬಂದವರು, ಎಲ್ಲರ ತೋಳಿನ ಮೇಲೂ ಅವರ ಕಣ್ಣು ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು. ಅಲ್ಲಿ ಗುಂಡನೆಯ ಕಲೆ ಕಂಡರೆ ಅವರ ಮುಖ ಸಡಿಲವಾಗುತ್ತಿತ್ತು. "ಇದು ನನ್ ಕೈದು ಕಣ್ ಸಾ" ಎಂದು ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ನಾನು ನಂಬದೆ ಒಮ್ಮೆ ಸೌತೆಕಾಯಿಯವನನ್ನು ಕೇಳಿಯೇಬಿಟ್ಟೆ. ಅವನು ಗುರುಮಲ್ಲಪ್ಪನವರನ್ನು ನೋಡಿದ್ದೇ ಥಟ್ಟನೆ ಎದ್ದು ನಿಂತ. "ಅಯ್ಯೋ, ದಾಕಿನಯ್ನೋರು! ನಮ್ಮವ್ವ ನಿಮ್ಗೆ ಎದರ್ಕೊಂಡು ನನ್ನ ರಾಗಿ ವಾಡೆ ಒಳಗೆ ಬಚ್ಚಿಟ್ಟಿದ್ಲಂತೆ!" ಎಂದು ನಕ್ಕ.

ಸಿಡುಬಿನ ಲಸಿಕೆಗೆ ನಮ್ಮ ಕಡೆ ದಾಕು ಅನ್ನುತ್ತಿದ್ದರು. ಅದನ್ನು ಹಾಕುವುದೇ ಗುರುಮಲ್ಲಪ್ಪನವರ ಸರ್ಕಾರಿ ಕೆಲಸ. ನಾನು ಎಪ್ಪತ್ತರ ದಶಕದ ನಡುವಿನಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿನ ಒಂದು ಹೋಬಳಿ ಊರಿನ ಆರೋಗ್ಯ ಕೇಂದ್ರಕ್ಕೆ ಎರಡನೇ ದರ್ಜೆ ಗುಮಾಸ್ತನಾಗಿ ಸೇರಿದೆ. ಬಿ.ಕಾಂ. ಮುಗಿಸಿದ ಹೊಸದು, ಇಪ್ಪತ್ತಮೂರು ವರ್ಷ. ಅವರಿಗೆ ಆಗಲೇ ಮೂವತ್ತೊಂಬತ್ತು. ಆದರೂ ಮೊದಲ ದಿನದಿಂದಲೇ ನಾನು ಅವರಿಗೆ "ಸಾ" ಆದೆ. ಬೇಡವೆಂದರೆ, "ನೀವು ಕಾಲೇಜು ಮೆಟ್ಲತ್ತಿದೋರು, ನಾನು ಎಸ್ಸೆಲ್ಸಿನೇ ಎರಡ್ ಸಲ ಕಟ್ದೋನು. ಸಾ ಅಂದ್ರೆ ಏನಾಯ್ತು?" ಎನ್ನುತ್ತಿದ್ದರು.

ಮೋಸ ಮಾಡಿ ದಾಕು ಹಾಕಿದವರಲ್ಲ ಅವರು. ಒಂದೂರಿನಲ್ಲಿ ಒಬ್ಬ ಮುದುಕಿ ಮೊಮ್ಮಗನನ್ನು ಒಳಗೆ ಕೂಡಿ ಬಾಗಿಲು ಹಾಕಿಕೊಂಡಳಂತೆ. ಗುರುಮಲ್ಲಪ್ಪನವರು ಜಗಲಿಯ ಮೇಲೆ ಕೂತು ಮುಚ್ಚಿದ ಬಾಗಿಲಿನೊಂದಿಗೇ ಮಧ್ಯಾಹ್ನದವರೆಗೆ ಮಾತಾಡಿದರು. ಭತ್ತದ ಬೆಳೆ, ಹಸುವಿನ ಕೆಚ್ಚಲು ಬಾವು, ತಮ್ಮ ಹೆಂಡತಿ ಮಾಡುವ ಉಪ್ಪೆಸರು. ಕೊನೆಗೆ ಬಾಯಾರಿ ನೀರು ಕೇಳಿದರು. ನೀರು ಕೊಡದಿರಲು ಮನಸ್ಸಾಗದೆ ಮುದುಕಿ ಬಾಗಿಲು ತೆಗೆದಳು, ಹುಡುಗ ಅವಳ ಸೀರೆ ಹಿಡಿದು ಹಿಂದೆಯೇ ನಿಂತಿದ್ದ. ಜೊತೆಗಿದ್ದ ಸಿದ್ದರಾಜು ಎಂಬ ಹೊಸ ನೌಕರ ನುಗ್ಗಿ ಹಿಡಿಯಲು ಹೋದ. ಗುರುಮಲ್ಲಪ್ಪನವರು ಅವನನ್ನು ತಡೆದು, ನೀರು ಕುಡಿದು ಚೊಂಬು ಕೆಳಗಿಟ್ಟು, "ಇವತ್ತು ಬ್ಯಾಡ ಬುಡವ್ವ. ನಾಳೀಕೆ ಬತ್ತೀನಿ" ಎಂದು ಹೊರಟುಬಂದರು. ಮರುದಿನ ಮುದುಕಿಯೇ ಹುಡುಗನನ್ನು ಎತ್ತಿಕೊಂಡು ಊರ ಬಾಗಿಲಿಗೆ ಬಂದಿದ್ದಳು. ಇದನ್ನು ನನಗೆ ಹೇಳಿದವನು ಸಿದ್ದರಾಜು. ಅವನಿಗೆ ಕೆಲಸ ಕಲಿಸಿದ್ದು ಗುರುಮಲ್ಲಪ್ಪನವರೇ.

ನಾನು ಸೇರಿದ ಸ್ವಲ್ಪ ಕಾಲಕ್ಕೇ ಸಿಡುಬು ಇಲ್ಲವಾಯಿತು. ಸಿಡುಬು ತೋರಿಸಿಕೊಟ್ಟವರಿಗೆ ಬಹುಮಾನ ಎಂದು ಊರೂರಿನ ಗೋಡೆಗಳ ಮೇಲೆ ಬರೆಸಿದರು. ನಮ್ಮ ಹೋಬಳಿಯ ಗೋಡೆಗಳ ಮೇಲೆ ಕೆಮ್ಮಣ್ಣಿನಲ್ಲಿ ಬರೆದವರು ಗುರುಮಲ್ಲಪ್ಪನವರು. ಅವರ ಅಕ್ಷರ ದುಂಡಗೆ ಚೆನ್ನಾಗಿತ್ತು. ತಿಂಗಳುಗಳು ಕಳೆದರೂ ಬಹುಮಾನ ಕೇಳಿಕೊಂಡು ಒಬ್ಬರೂ ಬರಲಿಲ್ಲ. ಒಂದು ದಿನ ಅವರು ನನ್ನ ಮೇಜಿನ ಮುಂದೆ ಕೂತು, "ಊರ್ಗೆಲ್ಲ ಒಳ್ಳೇದಾಯ್ತು ಸಾ. ನಾನಿನ್ನು ಏನ್ ಮಾಡ್ಲಿ?" ಎಂದರು. ಕೆಲಸದಿಂದ ಯಾರೂ ತೆಗೆಯುವುದಿಲ್ಲ, ಬೇರೆ ಏನಾದರೂ ಕೊಡುತ್ತಾರೆ ಎಂದೆ. "ಕೊಡ್ತಾರೆ. ಚೀಟಿ ಅಂಟ್ಸಾದು, ಡಾಕ್ಟ್ರ ಜೀಪ್ ಒರ್ಸಾದು" ಎಂದರು.

ಅವರ ಮನಸ್ಸಿನಲ್ಲಿ ಬೇರೊಂದಿತ್ತು. ಮೈಸೂರಿನಲ್ಲಿ ಒಂದು ವರ್ಷದ ಹೆಲ್ತ್ ಇನ್ಸ್‌ಪೆಕ್ಟರ್ ಕೋರ್ಸು. ಪಾಸಾದರೆ ಇನ್ಸ್‌ಪೆಕ್ಟರ್ ಹುದ್ದೆಗೆ ಅರ್ಜಿ ಹಾಕಬಹುದು. ಆದರೆ ಆ ಒಂದು ವರ್ಷ ಸಂಬಳವಿಲ್ಲದ ರಜೆ. ಫೀಸು, ಮೈಸೂರಿನಲ್ಲಿ ರೂಮು, ನರಸೀಪುರದ ಮನೆಯಲ್ಲಿ ಹೆಂಡತಿ ಶಿವಮ್ಮ, ಒಬ್ಬಳೇ ಮಗಳು ನಾಗರತ್ನ, ಅವರಿಬ್ಬರ ಊಟ ಬಟ್ಟೆ. ಎಲ್ಲಕ್ಕೂ ಸಾಲವೇ ಗತಿ. "ನೀವು ಲೆಕ್ಕ ಓದ್ದೋರು, ಆಕಿ ನೋಡಿ ಸಾ. ಇದು ಗಿಟ್ತದಾ?" ಎಂದರು.

ನಾನು ಲೆಕ್ಕ ಹಾಕಿದೆ. ಇನ್ನು ಯಾರಿಗೂ ಬೇಡವಾದ ದಾಕಿನ ವರದಿಯ ಫಾರಂಗಳು ರಾಶಿ ಬಿದ್ದಿದ್ದವು, ಅವುಗಳ ಬೆನ್ನ ಮೇಲೆ. ಈಗಿನ ಸಂಬಳ ಇನ್ನೂರ ಎಂಬತ್ತು. ಇನ್ಸ್‌ಪೆಕ್ಟರಾದರೆ ನಾನೂರು. ಒಟ್ಟು ಸಾಲ ಐದು ಸಾವಿರ. ಹೆಚ್ಚಿಗೆ ಬರುವ ನೂರ ಇಪ್ಪತ್ತನ್ನು ಮುಟ್ಟದೆ ಕಟ್ಟುತ್ತ ಹೋದರೆ ಬಡ್ಡಿ ಸೇರಿ ಐದು ವರ್ಷ. ಆಮೇಲೆ ನಿವೃತ್ತಿಯವರೆಗೆ ಹತ್ತು ವರ್ಷ ಪೂರ್ತಿ ಲಾಭ, ಪಿಂಚಣಿಯೂ ಹೆಚ್ಚು. ಕೆಳಗೆ ಎರಡು ಗೆರೆ ಎಳೆದು ಹಾಳೆ ಅವರ ಕೈಗಿಟ್ಟೆ. ಅವರು ಬೆರಳಿಟ್ಟು ಸಾಲು ಸಾಲಾಗಿ ಓದಿದರು.

"ಇದ್ರಲ್ಲಿ ಏನೂ ತಪ್ಪಿಲ್ವಾ ಸಾ?"

"ತಪ್ಪಿದ್ದರೆ ನನ್ನನ್ನು ಕೇಳಿ" ಎಂದೆ. ಆ ವಯಸ್ಸಿನಲ್ಲಿ ಅಂಥ ಮಾತು ಸಲೀಸಾಗಿ ಬರುತ್ತಿತ್ತು.

ಶಿವಮ್ಮನ ಕಾಸಿನ ಸರ ಸೊಸೈಟಿಯಲ್ಲಿ ಅಡವಾಯಿತು. ಮೇಲೆ ಮೂವರು ಸಹೋದ್ಯೋಗಿಗಳ ಸಹಿಯಿಂದ ಇನ್ನಷ್ಟು ಸಾಲ. ಅದರಲ್ಲಿ ಒಂದು ಸಹಿ ನನ್ನದು. ಶಿವಮ್ಮ ಬಾಯಿಬಿಟ್ಟು ಬೇಡವೆನ್ನಲಿಲ್ಲ. "ಮಗಳು ನಾಕನೇ ಕ್ಲಾಸು, ಅಪ್ಪ ಮೈಸೂರಲ್ಲಿ ಒಂದನೇ ಕ್ಲಾಸು. ಇಬ್ರಿಗೂ ಒಟ್ಗೇ ಸ್ಲೇಟು ತಕ್ಕೊಡ್ತೀನಿ" ಎಂದಷ್ಟೇ ಹೇಳಿದರು.

ಅಲ್ಲಿ ಜೊತೆಗೆ ಓದುವವರೆಲ್ಲ ಅವರ ಅರ್ಧ ವಯಸ್ಸಿನವರು. ಪಾಠ ಇಂಗ್ಲಿಷಿನಲ್ಲಿ. ಅವರು ಅದನ್ನು ಕೇಳಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಭಾನುವಾರ ಬಸ್ಸಿಳಿದವರೇ ನನ್ನ ರೂಮಿಗೆ ಬರುತ್ತಿದ್ದರು. ಒಂದು ಸಲ "ಇನ್‌ಕ್ಯುಬೇಶನ್ ಪೀರಿಯಡ್" ಎಂದು ಬರೆದಿತ್ತು. ನನಗೂ ಗೊತ್ತಿರಲಿಲ್ಲ. ಇಬ್ಬರೂ ಕೂತು ಮುಂದಿನ ನಾಲ್ಕು ಸಾಲು ಓದಿದ ಮೇಲೆ ಅವರೇ ಹೇಳಿದರು: "ರೋಗ ಒಳಗ್ ಬಂದು ಕೂತಿರ್ತದೆ ಸಾ. ಆದ್ರೆ ಇನ್ನೂ ದನಿ ಎತ್ತಾಕಿಲ್ಲ. ಆ ದಿನಗೋಳು." ಅದಕ್ಕಿಂತ ಒಳ್ಳೆಯ ವಿವರಣೆ ಯಾವ ಪುಸ್ತಕದಲ್ಲಿದ್ದೀತು? ವರ್ಷದ ಕೊನೆಗೆ ಅವರು ಪಾಸಾದರು, ಸೆಕೆಂಡ್ ಕ್ಲಾಸಿನಲ್ಲಿ. ಸರ್ಟಿಫಿಕೇಟಿಗೆ ಅರಿಸಿನ ಕುಂಕುಮ ಹಚ್ಚಿ ನಂಜುಂಡನ ಪಟದ ಮುಂದೆ ಇಟ್ಟಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಅವರು ರಜೆ ಮುಗಿಸಿ ಕೆಲಸಕ್ಕೆ ಹಾಜರಾದ ತಿಂಗಳಲ್ಲೇ ಮೇಲಿನ ಕಚೇರಿಯಿಂದ ಆದೇಶ ಬಂತು. ಮಲೇರಿಯಾದವರು, ದಾಕಿನವರು, ಕುಟುಂಬ ಯೋಜನೆಯವರು ಎಂಬ ಭೇದ ಇನ್ನಿಲ್ಲ, ಎಲ್ಲರೂ ಒಂದೇ ಪಟ್ಟಿಯಲ್ಲಿ ಆರೋಗ್ಯ ಸಹಾಯಕರು. ಇನ್ಸ್‌ಪೆಕ್ಟರ್ ಬದಲು ಬಂದ ಮೇಲ್ವಿಚಾರಕರ ಹುದ್ದೆಗಳನ್ನು ಹೊರಗಿನ ಕೋರ್ಸು ನೋಡಿ ತುಂಬುವುದಿಲ್ಲ. ಪಟ್ಟಿಯಲ್ಲಿ ಮುಂದಿರುವವರನ್ನು ಸಂಬಳ ಕೊಟ್ಟೇ ಕೆಲವು ವಾರ ತರಬೇತಿಗೆ ಕಳಿಸಿ ತುಂಬುತ್ತಾರೆ. ಜೊತೆಗೆ ಒಂದು ಸಾಲು: ಸಂಬಳವಿಲ್ಲದ ರಜೆಯ ಅವಧಿ ಸೇವೆಗೆ ಸೇರುವುದಿಲ್ಲ. ಆ ಒಂದು ವರ್ಷ ಕಳೆದದ್ದರಿಂದ ಗುರುಮಲ್ಲಪ್ಪನವರು ಪಟ್ಟಿಯಲ್ಲಿ ಕೆಳಗೆ ಸರಿದು, ವರ್ಷಗಟ್ಟಲೆ ಹಂಗಾಮಿಯಾಗಿ ದುಡಿದು ಕಾಯಂ ಆದ ಅವರಿಗಿಂತ ಏಳೇ ತಿಂಗಳು ತಡವಾಗಿ ಕಾಯಂ ಆದ ಸಿದ್ದರಾಜು ಮೇಲೆ ಬಂದಿದ್ದ. ಇದ್ದದ್ದು ಒಂದೇ ಹುದ್ದೆ, ಅದು ಅವನಿಗೆ ಹೋಯಿತು.

ಆದೇಶವನ್ನು ಅವರಿಗೆ ಓದಿ ಹೇಳಿದವನು ನಾನೇ. ಅವರು ಕೈಕಟ್ಟಿ ನಿಂತು ಕೇಳಿದರು.

"ಇನ್ನೊಂದ್ ಸಲ ಓದಿ ಸಾ."

ಓದಿದೆ.

"ನಾನು ಓದಾಕೆ ಓಗ್ದೆ ಇದ್ದಿದ್ರೆ?"

ನಾನು ಆದೇಶವನ್ನು ಮಡಿಸಿ ಫೈಲಿಗೆ ಸೇರಿಸಿದೆ. ಹೋಗದೆ ಇದ್ದಿದ್ದರೆ ಒಂದು ಪೈಸೆ ಸಾಲವಿಲ್ಲದೆ ಆ ಹುದ್ದೆ ಅವರದಾಗುತ್ತಿತ್ತು. ಅದು ಅವರಿಗೂ ಗೊತ್ತಾಗಿತ್ತು. ಅವರು ಹೊರಗೆ ಹೋದರು. ಅರ್ಧ ಗಂಟೆ ಬಿಟ್ಟು ನೋಡಿದರೆ ಔಷಧದ ಕೋಣೆಯ ಮುಂದೆ ಸಿದ್ದರಾಜುವಿನ ಕೈಗೆ ನಿಂಬೆಹಣ್ಣು ಕೊಡುತ್ತಿದ್ದರು. ಸಿದ್ದರಾಜು ಬಗ್ಗಿ ಕಾಲು ಮುಟ್ಟಿದ. ಮರುದಿನದಿಂದ ಅವನಿಗೂ "ಸಾ" ಎನ್ನತೊಡಗಿದರು. ಹಾಗೆನ್ನಬೇಡಿ ಎಂದು ಅವನು ಗೋಗರೆದ. ಅವರು ಕೇಳಲಿಲ್ಲ.

ಲೆಕ್ಕ ತಪ್ಪಿದ್ದರೆ ನನ್ನನ್ನು ಕೇಳಿ ಎಂದಿದ್ದೆನಲ್ಲ, ಅವರು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ನನಗೆ ಹಗುರವಾಗುತ್ತಿತ್ತು. ಹಳೆಯ ಸಂಬಳದಲ್ಲೇ ಕಂತು ಕಟ್ಟುತ್ತ ಹೋದರು. ಚಪ್ಪಲಿಗೆ ಸೈಕಲ್ ಟಯರಿನ ಅಟ್ಟೆ ಹಾಕಿಸಿಕೊಂಡರು, ಮಧ್ಯಾಹ್ನದ ಕಾಫಿ ಬಿಟ್ಟರು. ಯಾರಾದರೂ ಕರೆದರೆ "ಒಟ್ಟೇಲಿ ಉರಿ ಬತ್ತದೆ" ಎನ್ನುತ್ತಿದ್ದರು. ಎರಡು ವರ್ಷ ಕಂತು ಹಿಂದೆ ಬಿದ್ದು ಕಾಸಿನ ಸರ ಹರಾಜಾಯಿತು.

ಅವರ ಓದು ಕೆಲಸಕ್ಕೆ ಬಂದದ್ದನ್ನು ನಾನು ಕಂಡದ್ದು ಒಂದೇ ಸಲ. ಮುಡುಕುತೊರೆಯ ಆಚೆ ಹೊಳೆದಂಡೆಯ ಒಂದು ಕೇರಿಯಲ್ಲಿ ವಾಂತಿಭೇದಿ ಶುರುವಾಗಿ ಎರಡು ದಿನದಲ್ಲಿ ಮೂರು ಜನ ತೀರಿಕೊಂಡರು, ಅದರಲ್ಲಿ ಒಂದು ಎಳೆಯ ಮಗು. ಸಿದ್ದರಾಜು, ಗುರುಮಲ್ಲಪ್ಪ, ದಾಖಲೆ ಬರೆಯಲು ನಾನು, ಮೂವರೂ ಜೀಪಿನಲ್ಲಿ ಹೋದೆವು. ಸಿದ್ದರಾಜು ಗಾಬರಿಯಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರನ್ನು ಬೊಗಸೆ ಬೊಗಸೆ ಸುರಿಯಲು ಹೊರಟ. "ತಡೀರಿ ಸಾ" ಎಂದು ಗುರುಮಲ್ಲಪ್ಪನವರು ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಬಿಟ್ಟು, ನೀರಿನ ಆಳ, ಬಾವಿಯ ಅಗಲ ಅಳೆದು, ನೆಲದ ಮೇಲೆ ಕಡ್ಡಿಯಲ್ಲಿ ಗುಣಿಸಿದರು. ಪೌಡರನ್ನು ತೂಕ ಹಾಕಿ ಬಕೆಟ್ಟಿನಲ್ಲಿ ಕಲಸಿ ಇಳಿಸಿದರು. ಆಮೇಲೆ ಕೇರಿಯ ಮನೆಮನೆಗೆ ಹೋಗಿ ಯಾರು ಎಲ್ಲಿಯ ನೀರು ಕುಡಿದರು ಎಂದು ಕೇಳುತ್ತ ಬಂದರು. ರೋಗ ಬಂದ ಅಷ್ಟೂ ಮನೆಯವರು ಆ ಒಂದು ಬಾವಿಯವರೇ. ಬಾವಿಗೆ ಕಟ್ಟೆಯಿರಲಿಲ್ಲ. ಕಾಯಿಲೆಯವರ ಬಟ್ಟೆ ಪಕ್ಕದಲ್ಲೇ ಒಗೆದು, ಆ ನೀರು ಒಳಗೇ ಇಳಿಯುತ್ತಿತ್ತು.

ಇನ್ನು ಇದನ್ನು ಸೇದಬೇಡಿ ಎಂದರೆ ಯಾರು ಕೇಳುತ್ತಾರೆ? ಇನ್ನೊಂದು ಬಾವಿ ಅರ್ಧ ಮೈಲಿ ದೂರ. ಗುರುಮಲ್ಲಪ್ಪನವರು ಬಾವಿಯ ಕಂಬ ಹತ್ತಿ ರಾಟೆಯನ್ನೇ ಕಳಚಿ ತಮ್ಮ ಕಂಕುಳಲ್ಲಿ ಇಟ್ಟುಕೊಂಡರು. ಹೆಂಗಸರು ಬಾಯಿಗೆ ಬಂದಂತೆ ಬೈದರು. ಒಬ್ಬಳು ಮಣ್ಣು ತೂರಿದಳು. "ಬಯ್ರವ್ವ, ಬಯ್ರಿ. ಎಂಟ್ ದಿನ ಬುಟ್ಟು ತಂದ್ಕೊಡ್ತೀನಿ. ಬಯ್ಯಾಕೆ ಎಲ್ರೂ ಬದ್ಕಿರ್ಬೇಕು" ಎಂದು ಜೀಪು ಹತ್ತಿ ಕೂತರು. ಆ ಕೇರಿಯಲ್ಲಿ ಆಮೇಲೆ ಯಾರೂ ಸಾಯಲಿಲ್ಲ. ವರದಿಯಲ್ಲಿ ಪದ್ಧತಿಯಂತೆ ಮೇಲ್ವಿಚಾರಕರ ಹೆಸರು ಬಂತು, ಬರೆದವನು ನಾನು.

ವಾಪಸು ಬರುವಾಗ ರಾಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಹೇಳಿದರು: "ಬಾವಿ ಅಳೆಯಾದ್ನ ಅಲ್ಲೇ ಕಲ್ತಿದ್ದು ಸಾ, ಮೈಸೂರಲ್ಲಿ. ದಂಡ ಆಗ್ಲಿಲ್ಲ ಬುಡಿ." ಈ ಮಾತನ್ನು ಮುಂದೆಂದೋ ನಾನು ಶಿವಮ್ಮನಿಗೆ ಹೇಳಿದೆ, ಸಮಾಧಾನವಾಗಲಿ ಎಂದು. ಅವರು ಅಕ್ಕಿ ಆರಿಸುತ್ತಿದ್ದರು. "ದಂಡ ಆಗ್ಲಿಲ್ವಂತಾ? ನನ್ ಕತ್ತ ನೋಡ್ಕೊಂಡು ಏಳಿ ಅನ್ನಿ" ಎಂದರು.

ಎಂಬತ್ತರ ದಶಕ ಶುರುವಾದ ಮೇಲೆ ನನಗೆ ನಂಜನಗೂಡಿಗೆ ವರ್ಗವಾಯಿತು. ಮದುವೆಯಾಯಿತು, ಮನೆ ಕಟ್ಟಲು ಸಾಲ ತೆಗೆದೆ. ಗುರುಮಲ್ಲಪ್ಪನವರು ಸೋಮವಾರ ನಂಜುಂಡನಿಗೆ ಕೈಮುಗಿಯಲು ಬಂದಾಗ ಕಚೇರಿಗೂ ಬಂದು ಹೋಗುತ್ತಿದ್ದರು. ಹಾಗೆ ಒಂದು ದಿನ ಬಂದವರ ಕೈಯಲ್ಲಿ ಪ್ಲಾಸ್ಟಿಕ್ ಕವರಿತ್ತು. ಒಳಗೆ ನಾಗರತ್ನಳ ಪಿಯುಸಿ ಅಂಕಪಟ್ಟಿ. ಸೈನ್ಸ್, ಫಸ್ಟ್ ಕ್ಲಾಸು. ಜೊತೆಗೆ ನಾಲ್ಕು ವರ್ಷದ ನರ್ಸಿಂಗ್ ಡಿಗ್ರಿಯ ಅರ್ಜಿ, ಬ್ಯಾಂಕಿನ ಸಾಲದ ಅರ್ಜಿ.

"ಆಸ್ಪತ್ರೇಲಿ ಸೂಜಿ ಚುಚ್ಚಾ ನರ್ಸ್ ಅಲ್ವಂತೆ ಸಾ. ಡಿಗ್ರಿ ಮಾಡ್ಕೊಂಡು ಅಳ್ಳಿಗೋಳ ಆರೋಗ್ಯ ನೋಡ್ಕಳಾ ದೊಡ್ಡ ನರ್ಸ್ ಆಯ್ತಾಳಂತೆ. 'ಅಪ್ಪ ನೀನು ಮಾಡಿದ್ ಕೆಲಸಾನೇ, ಇನ್ನೂ ಓದ್ಕೊಂಡು ಮಾಡ್ತೀನಿ' ಅಂತಾಳೆ." ಅವರ ದನಿಯಲ್ಲಿ ನಾನು ವರ್ಷಗಳಿಂದ ಕೇಳದ ಒಂದು ಉಲ್ಲಾಸವಿತ್ತು. "ನಂದು ಅಳೇ ಸಾಲ ಇನ್ನೊಂಚೂರದೆ. ಇದು ಗಿಟ್ತದಾ, ನೀವೇ ಏಳಿ."

ನಾನು ಅರ್ಜಿ ತಿರುವಿದೆ. ಹುಡುಗಿ ತನ್ನ ಅಪ್ಪನ ಹಾಗೇ ದುಂಡಗಿನ ಅಕ್ಷರದಲ್ಲಿ ಎಲ್ಲವನ್ನೂ ತುಂಬಿದ್ದಳು. ಖಾಲಿ ಇದ್ದದ್ದು ಒಂದೇ ಖಾನೆ, ಜಾಮೀನುದಾರರದು. ಅದನ್ನು ಕಂಡೊಡನೆ ನನ್ನ ಮನೆಯ ಗೋಡೆ ಅರ್ಧಕ್ಕೆ ನಿಂತದ್ದು, ಸಾಲದ ಕಂತು, ಹೆಂಡತಿ ಏನೆನ್ನುತ್ತಾಳೋ ಎಂಬುದು, ಎಲ್ಲ ಒಟ್ಟಿಗೆ ನೆನಪಾಯಿತು. ಆ ಸಹಿಗಾಗಿಯೇ ಅವರು ಬಂದಿದ್ದರೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಅವರು ಕೇಳುವ ಮೊದಲೇ ನಾನು ಮಾತು ಶುರುಮಾಡಿದೆ. ನಾಲ್ಕು ವರ್ಷ ಅಂದರೆ ಸಣ್ಣ ಸಾಲವಲ್ಲ. ಓದಿ ಮುಗಿಸುವ ಹೊತ್ತಿಗೆ ಹುದ್ದೆ ಇರುತ್ತದೆಂದು ಯಾರು ಬರೆದುಕೊಡುತ್ತಾರೆ? ನಿಮಗೇ ಏನಾಯಿತು ನೋಡಿದಿರಲ್ಲ? ಹೆಣ್ಣುಮಗು, ನಾಳೆ ಮದುವೆ ಖರ್ಚೂ ಇದೆ. ಈ ಸಲ ನಾನು ಕಾಗದವನ್ನೂ ತೆಗೆದುಕೊಳ್ಳಲಿಲ್ಲ, ಪೆನ್ನನ್ನೂ ಮುಟ್ಟಲಿಲ್ಲ.

"ಬೇಡ ಗುರುಮಲ್ಲಪ್ಪನೋರೇ. ಎಲ್ಲಾದರೂ ಕೆಲಸಕ್ಕೆ ಸೇರಿಸಿ" ಎಂದೆ.

ಅವರು ಎರಡೂ ಅರ್ಜಿಗಳನ್ನು ಅಂಕಪಟ್ಟಿಯ ಹಿಂದಕ್ಕೆ ಸೇರಿಸಿ, ಅಂಚು ಸರಿಮಾಡಿ, ಕವರಿನೊಳಗಿಟ್ಟರು. "ಅದೂ ಸರಿ ಬುಡಿ ಸಾ" ಎಂದರು. ಕಾಫಿಗೆ ಕರೆದೆ, ಬರಲಿಲ್ಲ.

ನಾಗರತ್ನ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿ, ನಂಜನಗೂಡಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದಳೆಂದು ಆಮೇಲೆ ತಿಳಿಯಿತು. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಅಂಥ ಡಿಗ್ರಿ ಮಾಡಿದವರನ್ನು ಜಿಲ್ಲೆ ಜಿಲ್ಲೆಗೆ ತೆಗೆದುಕೊಳ್ಳತೊಡಗಿದರು. ಆ ಕಾಗದಗಳು ನನ್ನ ಮೇಜಿನ ಮೇಲೆಯೇ ಹಾದು ಹೋದವು.

ಗುರುಮಲ್ಲಪ್ಪನವರನ್ನು ನಾನು ಕಡೆಯ ಸಲ ಕಂಡದ್ದು ಕಪಿಲೆಯಲ್ಲಿ ನೀರು ಏರಿದ ವರ್ಷ. ಹೊಳೆಯ ಬದಿಯ ಬೀದಿಗಳಿಗೆ ನೀರು ನುಗ್ಗಿ ಇಳಿದಿತ್ತು, ಪಕ್ಕದ ತಾಲ್ಲೂಕುಗಳಿಂದಲೂ ಸಿಬ್ಬಂದಿಯನ್ನು ಕರೆಸಿದ್ದರು. ಮಂಡಿಯವರೆಗೆ ಪಂಚೆ ಎತ್ತಿಕಟ್ಟಿ, ಕೆಸರಿನಲ್ಲಿ ಬಕೆಟ್ಟು ಹಿಡಿದು ಮನೆಯಿಂದ ಮನೆಗೆ ಹೋಗುತ್ತಿದ್ದವರನ್ನು ಬೆನ್ನಿನಿಂದಲೇ ಗುರುತಿಸಿದೆ. ತುಂಬ ಬಡವಾಗಿದ್ದರು. ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು.

"ಮಗಳು ಹೇಗಿದ್ದಾಳೆ?" ಎಂದೆ.

"ಚೆನ್ನಾಗವ್ಳೆ ಸಾ. ತಿಂಗ್ಳು ತಿಂಗ್ಳು ಅವ್ರವ್ವಂಗೆ ದುಡ್ಡು ಕೊಡ್ತಾಳೆ." ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ನಂಜೊತೆ ವಸಿ ಮಾತು ಕಮ್ಮಿ."

"ವಯಸ್ಸು, ಸರಿಹೋಗುತ್ತದೆ" ಎಂದೆ. ಅವರು ತಲೆಯಾಡಿಸಿ ಮುಂದಿನ ಮನೆಯ ಬಾಗಿಲು ತಟ್ಟಿದರು.

ಮುಂದಿನ ಬೇಸಿಗೆಯಲ್ಲಿ, ಎರಡು ಹಳ್ಳಿಗಳ ನಡುವೆ, ಸೈಕಲ್ಲನ್ನು ಹುಣಸೆ ಮರಕ್ಕೆ ಒರಗಿಸಿ ಕೆಳಗೆ ಕೂತವರು ಮತ್ತೆ ಏಳಲಿಲ್ಲವಂತೆ. ಸುದ್ದಿ ನನಗೆ ಮುಟ್ಟಿದ್ದು ಮೂರು ದಿನ ತಡವಾಗಿ. ಮಣ್ಣಿಗೆ ಹೋಗಲಾಗಲಿಲ್ಲ.

ತಿಂಗಳು ಕಳೆದ ಮೇಲೆ ನಾಗರತ್ನ ತಾಯಿಯನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದಳು. ಸೇವೆಯಲ್ಲಿದ್ದಾಗ ತೀರಿಕೊಂಡವರ ಮಕ್ಕಳಿಗೆ ಅನುಕಂಪದ ಮೇಲೆ ಕೆಲಸ ಕೊಡುತ್ತಿದ್ದರು. ಆ ಅರ್ಜಿ ತುಂಬಲು ನನ್ನನ್ನು ಕೇಳುವಂತೆ ಸಿದ್ದರಾಜು ಹೇಳಿ ಕಳಿಸಿದ್ದ. ಶಿವಮ್ಮ ಒಳಗೆ ಬರಲಿಲ್ಲ, ಎದುರಿನ ಬಸ್ಸು ನಿಲ್ಲುವ ಜಾಗದಲ್ಲಿ ಕಲ್ಲುಬೆಂಚಿನ ಮೇಲೆ ಕೂತರು. ನಾನು ಹೇಳುತ್ತ ಹೋದೆ, ನಾಗರತ್ನ ಬರೆಯುತ್ತ ಹೋದಳು. ವಿದ್ಯಾರ್ಹತೆ ಎಂಬಲ್ಲಿ ಪಿಯುಸಿ ಎಂದು ಬರೆದು ನಿಂತಳು.

"ಅವತ್ತು ಆ ಅರ್ಜಿ ತಗೊಂಡು ನಿಮ್ಮ ಹತ್ರ ಬಂದಿದ್ರಲ್ಲ ಸರ್" ಎಂದಳು. "ಸಾಯಂಕಾಲ ಮನೆಗೆ ಬಂದು, 'ನನ್ ಕೈಲಿ ಆಗಾಕಿಲ್ಲ ಕಣವ್ವ, ಇನ್ನೊಂದು ಸಾಲಕ್ಕೆ ಧೈರ್ಯ ಇಲ್ಲ' ಅಂದ್ರು. ಅವ್ವ, 'ಆ ಸಾಹೇಬ್ರು ಏನಂದ್ರು?' ಅಂತ ಕೇಳಿದ್ಲು. 'ಅವ್ರು ಓದ್ಸಿ ಅಂದ್ರು. ನಂಗೇ ಬ್ಯಾಡ ಅನ್ನಿಸ್ತು' ಅಂದ್ರು. ನೀವೇ ಓದ್ಸಿ ಅಂದ ಮೇಲೂ ಬೇಡ ಅಂದ್ರಲ್ಲ ಅಂತ ನಂಗೆ ತುಂಬ ಸಿಟ್ಟು ಬಂತು ಸರ್. ಎರಡು ವರ್ಷ ಅವರ ಜೊತೆ ಸರಿಯಾಗಿ ಮಾತೇ ಆಡ್ಲಿಲ್ಲ. ಹಬ್ಬಕ್ಕೆ ಹೋದ್ರೂ ಅವ್ವನ ಹತ್ರ ಕೂತಿದ್ದು ಬಂದುಬಿಡ್ತಿದ್ದೆ."

ಸುಮ್ಮನಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಗುರುಮಲ್ಲಪ್ಪನವರು ನನಗಾಗಿ ಅಷ್ಟು ಏರ್ಪಾಟು ಮಾಡಿಯೇ ಹೋಗಿದ್ದರು.

"ಇಲ್ಲಮ್ಮ" ಎಂದೆ. "ಅವರು ಓದಿಸಬೇಕು ಅಂತಲೇ ಬಂದಿದ್ದರು. ಬೇಡ ಅಂದವನು ನಾನು."

ಅವಳು ನನ್ನ ಮುಖ ನೋಡಿದಳು. ಏನೋ ಕೇಳುತ್ತಾಳೆ, ಯಾಕೆ ಎನ್ನುತ್ತಾಳೆ ಎಂದು ಕಾದೆ. ಆ ಖಾಲಿ ಖಾನೆಯ ವಿಷಯವನ್ನೂ ಹೇಳಿಬಿಡಬೇಕೆಂದಿದ್ದೆ. ಅವಳು ಅರ್ಜಿಯ ಕಡೆಯ ಹಾಳೆ ತಿರುವಿದಳು.

"ಇನ್ನೆಲ್ಲಿ ಸೈನ್ ಮಾಡ್ಬೇಕು ಸರ್?"

ತೋರಿಸಿದೆ. ಸೈನ್ ಮಾಡಿ, ನಮಸ್ಕಾರ ಹೇಳಿ ಹೋದಳು. ಕಿಟಕಿಯಿಂದ ನೋಡಿದೆ. ರಸ್ತೆ ದಾಟಿ ತಾಯಿಯ ಪಕ್ಕದಲ್ಲಿ ಕೂತು ಏನೋ ಹೇಳಿದಳು. ಶಿವಮ್ಮ ಒಮ್ಮೆ ತಿರುಗಿ ನಮ್ಮ ಕಚೇರಿಯ ಕಡೆ ನೋಡಿ, ಮಗಳ ಬೆನ್ನ ಮೇಲೆ ಕೈಯಿಟ್ಟರು. ನಾಗರತ್ನ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನರಸೀಪುರದ ಬಸ್ಸು ಬಂತು, ಜನ ಇಳಿದರು, ಹತ್ತಿದರು, ಬಸ್ಸು ಹೊರಟುಹೋಯಿತು. ಅವರಿಬ್ಬರೂ ಏಳಲಿಲ್ಲ.